ಶಿಲೆಯ ಬಿಂದುವೂ ಸೀರೆಯ ಎಳೆಯೂ: ಎರಡು ಬಗೆಯ ಮಸೂರಗಳ ವಿಚಾರ

ಬಾದಾಮಿಯ ತಟ್ಟುಕೋಟೆಯ ಬಳಿಯ ಬಂಡೆಯಲ್ಲಿರುವ ಕಪ್ಪೆ ಅರಭಟ್ಟನ ಶಾಸನವು ಕ್ರಿ. ಶ. ಸುಮಾರು 700ರದೆಂದೂ, ಕನ್ನಡ ತ್ರಿಪದಿಯ ಅತಿಪ್ರಾಚೀನ ಮಾದರಿಗಳು ಅದರಲ್ಲಿವೆಯೆಂದೂ ವಿದ್ವಾಂಸರು ಬಲ್ಲರು. ಇಂತಹ ಶಾಸನಗಳ ಲಿಪಿಯಲ್ಲಿ ಅನುಸ್ವಾರವು ಒಂದು ಬಿಂದುಮಾತ್ರ. ಆ ಬಿಂದುವಿದ್ದರೆ ಲಘುವು ಗುರುವಾಗುತ್ತದೆ. ಕೆಲವೆಡೆ ವಿಭಕ್ತಿಯೇ ಬೇರೆಯಾಗುತ್ತದೆ. ಆದರೆ ಮರಳುಗಲ್ಲಿನಲ್ಲಿ ತಾನಾಗಿ ಬಿದ್ದ ಕುಳಿಯೂ ಬಿಂದುವಿನಂತೆಯೇ ತೋರುವುದುಂಟು. ಪಡಿಯಚ್ಚಿನಲ್ಲಿ ಎರಡೂ ಬಿಳಿಯ ಚುಕ್ಕೆಗಳೇ. ಆದುದರಿಂದ ಹಿಗ್ಗಿಸಿ ತೆಗೆದ ಛಾಯಾಚಿತ್ರವು ಬೇಕಾಗುತ್ತದೆ. ಅದಕ್ಕೆ ತಕ್ಕ ಸಾಧನವಾವುದೆಂಬುದೇ ಇಲ್ಲಿಯ ವಿಚಾರ.

ಸಾಧನಗಳು ಎರಡು. ಮೊದಲನೆಯದು ಕ್ಯಾಮರಾದ ಮ್ಯಾಕ್ರೋ ಮಸೂರ. ಇದು ಸಾಮಾನ್ಯವಾಗಿ ವಸ್ತುವಿನಷ್ಟೇ ಗಾತ್ರದ, ಕೆಲವು ವಿಶೇಷ ಮಸೂರಗಳಲ್ಲಿ 5 ಮಡಿಯವರೆಗಿನ, ಬಿಂಬವನ್ನು ಮೂಡಿಸುತ್ತದೆ. ಇದರ ಬೆಳಕಿನ ದ್ವಾರವನ್ನು ಬೇಕಾದಂತೆ ಕಿರಿದುಮಾಡಬಹುದು. ಎರಡನೆಯದು ಸೂಕ್ಷ್ಮದರ್ಶಕದ ವಸ್ತುಮಸೂರ, ಎಂದರೆ ಆಬ್ಜೆಕ್ಟಿವ್. ಇದನ್ನು ಕೊಳವೆಯ ಮೂಲಕ ಕ್ಯಾಮರಾಕ್ಕೆ ಜೋಡಿಸುತ್ತಾರೆ. ಹಳೆಯ ಬಗೆಯವು 160 ಮಿಲಿಮೀಟರಿನ ಕೊಳವೆಗೆಂದು ರಚಿತವಾದವು. ಈಚಿನವುಗಳಿಗೆ ಹಿಂಬದಿಯಲ್ಲಿ ಮತ್ತೊಂದು ಮಸೂರವು ಬೇಕು. ಇವುಗಳಲ್ಲಿ ಸಾಮಾನ್ಯವಾಗಿ ದ್ವಾರವನ್ನು ಕಿರಿದುಮಾಡುವ ಏರ್ಪಾಡಿಲ್ಲ.

ಹಿಗ್ಗಿಸುವುದು ಬೇರೆ, ಬಿಡಿಸಿ ತೋರಿಸುವುದು ಬೇರೆ. ಬಿಡಿಸಿ ತೋರಿಸುವ ಶಕ್ತಿಯು ಮಸೂರವು ಸ್ವೀಕರಿಸುವ ಬೆಳಕಿನ ಶಂಕುವಿನ ಅಗಲವನ್ನು ಅವಲಂಬಿಸಿದೆ. ಇದನ್ನು ಸೂಚಿಸುವ ಅಂಕಕ್ಕೆ ನ್ಯೂಮರಿಕಲ್ ಅಪರ್ಚರ್ ಎಂದು ಹೆಸರು. 10 ಮಡಿಯ ಸಾಮಾನ್ಯ ವಸ್ತುಮಸೂರದಲ್ಲಿ ಈ ಅಂಕವು 0.25. ಅದು ಸುಮಾರು 1.3 ಮೈಕ್ರಾನ್ ಅಂತರದ ಎರಡು ಬಿಂದುಗಳನ್ನು ಬೇರ್ಪಡಿಸಬಲ್ಲದು. ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು. ಆದರೆ ಸ್ಫುಟವಾಗಿ ಕಾಣುವ ಆಳವು ಸುಮಾರು 9 ಮೈಕ್ರಾನ್ ಮಾತ್ರ. ಸಮಗಾತ್ರದಲ್ಲಿ ಎಫ್ 8ಕ್ಕೆ ಕಿರಿದುಮಾಡಿದ ಮ್ಯಾಕ್ರೋ ಮಸೂರವಾದರೋ ಸುಮಾರು 11 ಮೈಕ್ರಾನನ್ನಷ್ಟೇ ಬಿಡಿಸುತ್ತದೆ. ಆದರೆ ಅದರ ಸ್ಫುಟತೆಯ ಆಳವು ಅರ್ಧ ಮಿಲಿಮೀಟರನ್ನು ಮೀರುತ್ತದೆ. ಸೂಕ್ಷ್ಮತೆ ಹೆಚ್ಚಿದಷ್ಟೂ ಆಳವು ಅದಕ್ಕಿಂತ ವೇಗವಾಗಿ ಕುಗ್ಗುವುದೆಂಬುದೇ ಇಲ್ಲಿಯ ನಿಯಮ.

ಇದನ್ನು ಬಂಡೆಗೆ ಅನ್ವಯಿಸಿ ನೋಡೋಣ. ಮರಳಿನ ಕಣವೆಂದು ಗಣಿಸತಕ್ಕದ್ದು 60 ಮೈಕ್ರಾನಿಗಿಂತ ದೊಡ್ಡದು. ಅದನ್ನು ಗುರುತಿಸಲು 11 ಮೈಕ್ರಾನಿನ ಸೂಕ್ಷ್ಮತೆಯೇ ಸಾಕು. ಇದಲ್ಲದೆ 36×24 ಮಿಲಿಮೀಟರಿನ ಬಿಂಬಫಲಕದಲ್ಲಿ ಸಮಗಾತ್ರದ ಮಸೂರವು ಅಷ್ಟೇ ವಿಸ್ತಾರದ ಶಿಲೆಯನ್ನು ತೋರಿಸುತ್ತದೆ. 10 ಮಡಿಯ ವಸ್ತುಮಸೂರವು 3.6×2.4 ಮಿಲಿಮೀಟರನ್ನು ಮಾತ್ರ. ಎರಡನೆಯದರಲ್ಲಿ ಬಿಂದುವು ತನ್ನ ಅಕ್ಷರದಿಂದಲೇ ಅಗಲಿಹೋಗುತ್ತದೆ. ಮೇಲಾಗಿ ಅಂತಹ ಸಾಮಾನ್ಯ ವಸ್ತುಮಸೂರವು ಕಲ್ಲಿಗೆ ಕೆಲವೇ ಮಿಲಿಮೀಟರಿನಷ್ಟು ಸಮೀಪಕ್ಕೆ ಬರಬೇಕಾಗುವುದರಿಂದ, ಓರೆಯಾಗಿ ಬೀಳಬೇಕಾದ ಬೆಳಕಿಗೆ ದಾರಿಯಿರದು. ಬಯಲಿನ ಗಾಳಿಗೆ ಕ್ಯಾಮರಾ ಅಲುಗಿದರೆ ಆ ಅಲುಗಾಟವೂ ಹಿಗ್ಗುತ್ತದೆ. ಆದುದರಿಂದ ಶಾಸನಕ್ಕೆ ಮ್ಯಾಕ್ರೋ ಮಸೂರವೇ ಯೋಗ್ಯವಾದುದು.

ಇಳಕಲ್ಲಿನ ಸೀರೆಯ ವಿಷಯವು ಬೇರೆ. ಅಲ್ಲಿ ಒಡಲಿನ ಹಾಸನ್ನೂ ಸೆರಗಿನ ಹಾಸನ್ನೂ ಕೊಂಡಿ ಹಾಕಿ ಜೋಡಿಸುವರಷ್ಟೆ. ಆ ಕೊಂಡಿಯ ರಚನೆಯನ್ನು ತೋರಿಸಲು ಮ್ಯಾಕ್ರೋ ಮಸೂರವೇ ಸಾಕು. ಆದರೆ ಹಳೆಯ ಸೆರಗಿನ ನೂಲು ರೇಷ್ಮೆಯೋ ಕೃತಕ ರೇಷ್ಮೆಯೋ ಎಂಬ ಪ್ರಶ್ನೆ ಬಂದಾಗ ಒಂದೊಂದೇ ನಾರನ್ನು ನೋಡಬೇಕು. ಹತ್ತಿಯ ನಾರು ತಿರುಚಿದ ಪಟ್ಟಿಯಂತೆ ಕಾಣುತ್ತದೆ. ಹದಮಾಡಿದ ರೇಷ್ಮೆಯು ನುಣುಪಾಗಿರುತ್ತದೆ. ವಿಸ್ಕೋಸ್ ರೇಯಾನಿನ ಮೇಲೆ ಉದ್ದುದ್ದನೆಯ ಗೀರುಗಳಿರುತ್ತವೆ. ಕೆಲವೇ ಮೈಕ್ರಾನಿನ ಈ ಭೇದಗಳಿಗೆ ವಸ್ತುಮಸೂರವೇ ಬೇಕು. ಆಳದ ಕೊರತೆಯನ್ನು ನೀಗಲು, ಕ್ಯಾಮರಾವನ್ನು 5 ಅಥವಾ 6 ಮೈಕ್ರಾನಿನಷ್ಟು ಸರಿಸುತ್ತ ತೆಗೆದ ಅನೇಕ ಚಿತ್ರಗಳನ್ನು ಗಣಕಯಂತ್ರದಿಂದ ಒಂದಾಗಿ ಕೂಡಿಸುತ್ತಾರೆ.

ಇನ್ನು ಮೊದಲಿನ ಬಿಂದುವಿಗೆ ಮರಳೋಣ. ಉಳಿಯ ಪೆಟ್ಟಿಗೆ ಕಣಗಳು ಒಡೆಯಬಹುದು. ಸವೆತದಲ್ಲಿ ಅವು ಇಡಿಯಾಗಿ ಕಳಚಬಹುದು. ಆದರೆ ಉಳಿಯ ಕುಳಿಯೂ 1,300 ವರ್ಷ ಸವೆದಿದೆ. ಆದುದರಿಂದ ಒಂದೇ ದಿಕ್ಕಿನ ಬೆಳಕಿನಲ್ಲಿ ತೆಗೆದ ಒಂದೇ ಚಿತ್ರವನ್ನು ನಂಬಿ ಅನುಸ್ವಾರವನ್ನು ಸೇರಿಸುವುದಾಗಲಿ ಬಿಡುವುದಾಗಲಿ ಸಲ್ಲದು. ನಾಲ್ಕು ದಿಕ್ಕುಗಳ ಓರೆಬೆಳಕಿನಲ್ಲಿ, ಅಳತೆಪಟ್ಟಿಯೊಡನೆ, ಅದೇ ಶಾಸನದ ನಿಸ್ಸಂದೇಹವಾದ ಬಿಂದುವೊಂದರ ಚಿತ್ರವನ್ನೂ ಪಕ್ಕದಲ್ಲಿಟ್ಟು ಹೋಲಿಸತಕ್ಕದ್ದು. ಆಮೇಲೆಯೂ ಸಂಶಯ ಉಳಿದರೆ ಛಂದಸ್ಸೂ ವ್ಯಾಕರಣವೂ ಹೇಳುವುದನ್ನು ಕೇಳಬೇಕು. ಅವೂ ಮೌನವಾಗಿದ್ದರೆ ಪಾಠದಲ್ಲಿ ಸಂಶಯದ ಗುರುತನ್ನೇ ಇಡುವುದು ನ್ಯಾಯವು.