ಕಣ್ಣಿಗೊಂದು ಪುಟ್ಟ ಕೌದಿ



"ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ" ಎಂಬ ಗಾದೆ ನಿಮಗೆಲ್ಲ ಗೊತ್ತು. ಆದರೆ ಸಂತೆಯಲ್ಲಿ ಮಲಗಿದವನನ್ನು ಸರಿಯಾಗಿ ನೋಡಿದ್ದೀರಾ? ಅವನು ಮುಖದ ಮೇಲೆ ಟವೆಲ್ ಹಾಕಿಕೊಂಡಿರುತ್ತಾನೆ! ಚಿಂತೆ ಇಲ್ಲದಿದ್ದರೂ ಬೆಳಕು ಅವನನ್ನು ಬಿಡುವುದಿಲ್ಲ. ಟವೆಲ್ ಜಾರುತ್ತದೆ, ಉಸಿರು ಕಟ್ಟುತ್ತದೆ, ಗಾಳಿ ಬಂದರೆ ಹಾರಿ ಹೋಗುತ್ತದೆ. ಟವೆಲ್ಲಿಗಿಂತ ಚೆನ್ನಾಗಿ ಬೆಳಕು ತಡೆಯುವುದು ಕಣ್ಣುಪಟ್ಟಿ. ಅದನ್ನು ಕ್ರೋಶಾ ಕಡ್ಡಿಯಿಂದ ಹೆಣೆದು, ಒಳಗೆ ಮೆತ್ತೆ ಕೂರಿಸಿ, ಮನೆಯಲ್ಲೇ ಮಾಡುವುದು ಹೇಗೆ ಅಂತ ಈ ಸಲ ತಿಳಿಯೋಣ.

ಮೊದಲು ಒಂದು ಸಣ್ಣ ಪ್ರಯೋಗ

ಈಗಲೇ ಕಿಟಕಿಯ ಕಡೆ ತಿರುಗಿ ನಿಲ್ಲಿರಿ. ಕಣ್ಣು ಮುಚ್ಚಿರಿ. (ಸೂರ್ಯನನ್ನು ನೇರವಾಗಿ ನೋಡಬೇಡಿ.) ಏನು ಕಾಣುತ್ತದೆ? ಪೂರ್ತಿ ಕಪ್ಪು ಅಲ್ಲ, ಕೆಂಪು ಕೆಂಪಾಗಿ ಕಾಣುತ್ತದೆ. ಈಗ ಕಣ್ಣು ತೆರೆಯದೇ ಮುಖದ ಮುಂದೆ ಅಂಗೈ ಆಡಿಸಿರಿ. ಕೈ ಬಂದಾಗ ಕತ್ತಲೆ, ಹೋದಾಗ ಬೆಳಕು! ಅಂದರೆ ರೆಪ್ಪೆ ಮುಚ್ಚಿದರೂ ಬೆಳಕು ಒಳಗೆ ಹೋಗುತ್ತದೆ ಅಂತಾಯ್ತು. ರೆಪ್ಪೆ ತೆಳುವಾದ ಚರ್ಮ, ಅದರಲ್ಲಿ ರಕ್ತ ಹರಿಯುತ್ತದೆ. ಆದ್ದರಿಂದ ಕೆಂಪು ಬೆಳಕು ಹೆಚ್ಚಾಗಿ ದಾಟುತ್ತದೆ.

ಬೆಳಕು ಒಳಗೆ ಹೋದರೆ ಏನಾಗುತ್ತದೆ? ನಮ್ಮ ಮೆದುಳಿನ ನಡುವೆ ಪೀನಿಯಲ್ ಎಂಬ ಗ್ರಂಥಿ ಇದೆ. ಗಾತ್ರ ದೊಡ್ಡ ಅಕ್ಕಿಕಾಳಿನಷ್ಟು. ಅದು ಕತ್ತಲಾದಾಗ ಮೆಲಟೋನಿನ್ ಎಂಬ ರಸವನ್ನು ಬಿಡುತ್ತದೆ. ಈ ರಸ ರಕ್ತದಲ್ಲಿ ಸೇರಿ "ರಾತ್ರಿ ಆಯ್ತು, ಮಲಗು" ಎಂದು ದೇಹಕ್ಕೆ ತಿಳಿಸುತ್ತದೆ. ಕಣ್ಣಿಗೆ ಬೆಳಕು ಬಿದ್ದರೆ ರಸ ಕಡಿಮೆಯಾಗುತ್ತದೆ. ಅಮೆರಿಕದ ಏರನ್ ಲರ್ನರ್ ಎಂಬ ಚರ್ಮರೋಗ ವೈದ್ಯರೂ ಅವರ ಸಂಗಡಿಗರೂ 1958ರಲ್ಲಿ ದನಗಳ ಪೀನಿಯಲ್ ಗ್ರಂಥಿಯಿಂದ ಈ ರಸವನ್ನು ಬೇರ್ಪಡಿಸಿ ಮೆಲಟೋನಿನ್ ಎಂದು ಹೆಸರಿಟ್ಟರು.

ಇದು ಯಾರಿಗೆ ಬೇಕು?

ಹುಬ್ಬಳ್ಳಿಯಿಂದ ಬೆಂಗಳೂರಿಗೆ ಸುಮಾರು 410 ಕಿ.ಮೀ. ರಾತ್ರಿ ಬಸ್ಸು ಹತ್ತಿದರೆ ಬೆಳಗ್ಗೆ ಇಳಿಯುತ್ತೇವೆ. ಬಸ್ಸು ನಿಂತಲ್ಲೆಲ್ಲ ಒಳಗೆ ಲೈಟ್ ಹಾಕುತ್ತಾರೆ. ಎದುರಿನ ಲಾರಿಗಳ ಬೆಳಕು ಕಣ್ಣಿಗೆ ಹೊಡೆಯುತ್ತದೆ. ಪರೀಕ್ಷೆಗೆ ಹೋಗುವವರು, ಆಸ್ಪತ್ರೆಗೆ ಹೋಗುವವರು, ಗಾರ್ಮೆಂಟ್ಸ್ ಕೆಲಸಕ್ಕೆ ವಾಪಸ್ ಹೋಗುವ ಅಕ್ಕಂದಿರು ನಿದ್ದೆಗೆಟ್ಟು ಇಳಿದು ಹಾಗೇ ಕೆಲಸಕ್ಕೆ ಹೋಗುತ್ತಾರೆ.

ಅವರಿಗಿಂತ ಹೆಚ್ಚು ಬೇಕಾದವರು ಇನ್ನೊಬ್ಬರಿದ್ದಾರೆ. ನಮ್ಮ ಮಾಮಾ ರಾತ್ರಿ ಬಸ್ಸಿನ ಡ್ರೈವರ್. ಅವರು ಮಲಗುವುದು ಹಗಲು ಹೊತ್ತು. ಮನೆಯಲ್ಲಿದ್ದಾಗ ನಾವ್ಯಾರೂ ಗದ್ದಲ ಮಾಡೋ ಹಾಗಿಲ್ಲ. ಆದರೂ ಕಿಟಕಿಯಿಂದ, ಹಂಚಿನ ಸಂದಿಯಿಂದ ಬಿಸಿಲು ಬರುತ್ತದೆ. "ಹುಡುಗರ ಬಾಯಿ ಮುಚ್ಚಸಬಹುದು, ಸೂರ್ಯಾನ್ನ ಹ್ಯಾಂಗ ಮುಚ್ಚಲಿ?" ಅಂತಾಳೆ ನಮ್ಮವ್ವ. ದೊಡ್ಡವರಿಗೆ ದಿನಕ್ಕೆ ಕನಿಷ್ಠ 7 ತಾಸು ನಿದ್ದೆ ಬೇಕು. ಮಾಮಾನ ಬಸ್ಸಿನಲ್ಲಿ ರಾತ್ರಿ ನಲವತ್ತು ಐವತ್ತು ಜನ ಮಲಗಿರುತ್ತಾರೆ. ಅವರೆಲ್ಲ ನಿಶ್ಚಿಂತೆಯಿಂದ ಮಲಗಬೇಕಾದರೆ ಒಬ್ಬರು ಎಚ್ಚರ ಇರಬೇಕು. ಆ ಒಬ್ಬರು ರಾತ್ರಿ ಎಚ್ಚರ ಇರಬೇಕಾದರೆ ಹಗಲು ಮಲಗಿರಲೇಬೇಕು. ಅರೆಕ್ಷಣ ತೂಕಡಿಕೆ ಬಂದರೂ ಬಸ್ಸು ರಸ್ತೆ ಬಿಟ್ಟು ಹೋಗಬಹುದು. ಹಾಗಾಗಿ ಇದು ಬರೀ ಶೋಕಿ ವಸ್ತು ಅಲ್ಲ.

ಕ್ರೋಶಾ ಅಂದರೇನು?

ಸ್ವೆಟರ್ ಹೆಣೆಯಲು ಎರಡು ಕಡ್ಡಿ ಬೇಕು. ಕ್ರೋಶಾಕ್ಕೆ ಒಂದೇ ಕಡ್ಡಿ, ಅದರ ತುದಿಯಲ್ಲಿ ಕೊಕ್ಕೆ ಇರುತ್ತದೆ. ಸ್ವೆಟರಿನಲ್ಲಿ ಕಡ್ಡಿಯ ಮೇಲೆ ಸಾಲು ಪೂರ್ತಿ ಕುಣಿಕೆಗಳು ಇರುತ್ತವೆ. ಕಡ್ಡಿ ಜಾರಿದರೆ ಅಷ್ಟೂ ಬಿಚ್ಚಬಹುದು. ಕ್ರೋಶಾದಲ್ಲಿ ಕೊನೆಗೆ ಉಳಿಯುವುದು ಒಂದೇ ಕುಣಿಕೆ. ಆದ್ದರಿಂದ ಬಸ್ ಸ್ಟ್ಯಾಂಡಿನಲ್ಲಿ ಕೂತೂ ಹೆಣೆಯಬಹುದು, ಬಸ್ಸು ಬಂದರೆ ಚೀಲಕ್ಕೆ ಹಾಕಿಕೊಂಡು ಹತ್ತಬಹುದು. ಆಂಧ್ರಪ್ರದೇಶದ ನರಸಾಪುರದ ಕಡೆ ಸಾವಿರಾರು ಹೆಣ್ಣುಮಕ್ಕಳು ಕ್ರೋಶಾ ಲೇಸ್ ಹೆಣೆದು ಸಂಪಾದನೆ ಮಾಡುತ್ತಾರೆ.

ಇದು ಹುಡುಗಿಯರ ಕೆಲಸ ಅಂತ ಹುಡುಗರು ನಗಬೇಡಿ. ಮೀನಿನ ಬಲೆ ಹೆಣೆಯುವವರು, ಕಂಬಳಿ ನೇಯುವವರು ಗಂಡಸರಲ್ಲವೇ?

ಬೇಕಾಗುವ ಸಾಮಾನುಗಳು

1. ಸ್ವಲ್ಪ ದಪ್ಪನೆಯ ಹತ್ತಿ ದಾರ, ಒಂದು ಉಂಡೆ. (ಉಲ್ಲನ್ ಬೇಡ. ಬೇಸಿಗೆಯಲ್ಲಿ ಬೆವರುತ್ತದೆ, ಕಣ್ಣಿನ ಹತ್ತಿರ ಚುಚ್ಚುತ್ತದೆ.)
2. ಕ್ರೋಶಾ ಕಡ್ಡಿ, ಮೂರೂವರೆ ಮಿ.ಮೀ. ದಪ್ಪದ್ದು.
3. ಕಪ್ಪು ಬಟ್ಟೆ, ಒಂದು ತುಂಡು. ಹಳೇ ಛತ್ರಿ ಬಟ್ಟೆಯೂ ನಡೆಯುತ್ತದೆ.
4. ಹಳೇ ನೂಲಿನ ಸೀರೆಯ ತುಂಡುಗಳು, ಮೆತ್ತೆಗೆ.
5. ಹಳೇ ಧೋತರದ ಬಿಳಿ ತುಂಡು, ಮುಖಕ್ಕೆ ತಾಗುವ ಕಡೆಗೆ.
6. ಎರಡು ಸೆಂ.ಮೀ. ಅಗಲದ ಇಲಾಸ್ಟಿಕ್, ಸೂಜಿ, ದಾರ, ಕತ್ತರಿ, ಸ್ಕೇಲು, ರದ್ದಿ ಪೇಪರ್.

ಹೆಣೆಯುವ ವಿಧಾನ

ನಮಗೆ ಎರಡೇ ಪಾಠ ಬಂದರೆ ಸಾಕು. ಒಂದು ಚೈನು: ಕುಣಿಕೆಯೊಳಗಿಂದ ದಾರ ಎಳೆದು ಹೊಸ ಕುಣಿಕೆ ಮಾಡುವುದು. ಎರಡನೆಯದು ಗಿಡ್ಡ ಕಂಬ: ಕಡ್ಡಿಯನ್ನು ಕೆಳಗಿನ ಹೊಲಿಗೆಯೊಳಗೆ ತೂರಿಸಿ ದಾರ ಎಳೆದರೆ ಕಡ್ಡಿಯ ಮೇಲೆ ಎರಡು ಕುಣಿಕೆ ಆಗುತ್ತವೆ. ಮತ್ತೆ ದಾರ ಹಿಡಿದು ಎರಡರೊಳಗಿಂದಲೂ ಒಟ್ಟಿಗೆ ಎಳೆಯಬೇಕು. ನಮ್ಮ ಕಾರ್ಯಾನುಭವದ ಅಕ್ಕೋರು ಇದಕ್ಕೆ ಗಿಡ್ಡ ಕಂಬ ಅಂತಾರೆ. ಉದ್ದ ಕಂಬ ಹಾಕಬೇಡಿ, ಅದರಲ್ಲಿ ಸಂದಿ ದೊಡ್ಡದು.

1. 37 ಚೈನು ಹಾಕಿ. ಕಡ್ಡಿಯಿಂದ ಎರಡನೇ ಚೈನಿನಲ್ಲಿ ಶುರು ಮಾಡಿ 36 ಗಿಡ್ಡ ಕಂಬ ಹೆಣೆಯಿರಿ. ಅಳೆದರೆ ಸುಮಾರು 20 ಸೆಂ.ಮೀ. ಬರಬೇಕು. ದಾರ ತೆಳುವಾಗಿದ್ದರೆ ಚೈನು ಹೆಚ್ಚು ಬೇಕು. ಲೆಕ್ಕಕ್ಕಿಂತ ಸ್ಕೇಲನ್ನೇ ನಂಬಿರಿ.
2. ಸಾಲು ಮುಗಿದಾಗ ಒಂದು ಚೈನು ಹಾಕಿ ತಿರುಗಿಸಿ. ಹೀಗೆ 12 ಸಾಲು ಹೆಣೆಯಿರಿ.
3. ಈಗ ಮೂಗಿಗೆ ಜಾಗ ಬಿಡಬೇಕು. ಬರೀ 16 ಕಂಬ ಹೆಣೆದು ತಿರುಗಿಸಿ. ಈ ಭಾಗವನ್ನಷ್ಟೇ 8 ಸಾಲು ಹೆಣೆಯಿರಿ. ಎರಡು ಸಾಲಿಗೊಮ್ಮೆ ಎರಡೂ ತುದಿಯಲ್ಲಿ ಒಂದೊಂದು ಕಂಬ ಕಡಿಮೆ ಮಾಡಿ. ಕೊನೆಗೆ 8 ಕಂಬ ಉಳಿಯುತ್ತವೆ. ಕಡಿಮೆ ಮಾಡುವುದು ಅಂದ್ರೆ ಎರಡು ಹೊಲಿಗೆಯಿಂದ ದಾರ ಎಳೆದುಕೊಂಡು ಮೂರೂ ಕುಣಿಕೆಯನ್ನು ಒಟ್ಟಿಗೆ ಮುಗಿಸುವುದು.
4. ದಾರ ಕತ್ತರಿಸಿ. ನಡುವೆ 4 ಕಂಬ ಬಿಟ್ಟು, ಉಳಿದ 16ರಲ್ಲಿ ದಾರ ಸೇರಿಸಿ ಆ ಕಡೆಯನ್ನೂ ಹೀಗೇ ಮಾಡಿ.
5. ಸುತ್ತಲೂ ಒಂದು ಸಾಲು ಗಿಡ್ಡ ಕಂಬ ಹಾಕಿದರೆ ಅಂಚು ನುಣುಪಾಗುತ್ತದೆ.

ಮೆತ್ತೆ ಮಾಡುವುದು

ಈಗ ಹೆಣೆದದ್ದನ್ನು ಬೆಳಕಿಗೆ ಹಿಡಿದು ನೋಡಿ. ಜರಡಿಯ ಹಾಗೆ ಚುಕ್ಕಿ ಚುಕ್ಕಿ ಬೆಳಕು ಕಾಣುತ್ತದೆ! ಕ್ರೋಶಾ ಎಷ್ಟೇ ಬಿಗಿ ಇದ್ದರೂ ಸಂದಿ ಇದ್ದೇ ಇರುತ್ತದೆ. ಬೆಳಕು ತಡೆಯುವುದು ಒಳಗಿನ ಕಪ್ಪು ಬಟ್ಟೆ. ಹಾಗಾದರೆ ಕ್ರೋಶಾ ಯಾಕೆ? ಅದು ಮುಖದ ಉಬ್ಬು ತಗ್ಗಿಗೆ ಬಾಗುತ್ತದೆ, ಎಳೆದರೆ ಹಿಗ್ಗಿ ಮತ್ತೆ ಮೊದಲಿನಂತಾಗುತ್ತದೆ.

ಹೆಣೆದದ್ದನ್ನು ರದ್ದಿ ಪೇಪರಿನ ಮೇಲಿಟ್ಟು ಗೆರೆ ಎಳೆದು ಅಳತೆ ಮಾಡಿಕೊಳ್ಳಿ. ಕಪ್ಪು ಬಟ್ಟೆ, ಬಿಳಿ ಬಟ್ಟೆಗಳನ್ನು ಅದಕ್ಕಿಂತ ಸುತ್ತಲೂ ಒಂದು ಸೆಂ.ಮೀ. ದೊಡ್ಡದಾಗಿ ಕತ್ತರಿಸಿ. ಸೀರೆಯ ತುಂಡುಗಳನ್ನು ಸರಿ ಅಳತೆಗೆ ಐದಾರು ಪದರ ಕತ್ತರಿಸಿ.

ಬಿಡಿ ಹತ್ತಿ ತುಂಬಬೇಡಿ. ಒಗೆದರೆ ಅದು ಒಂದು ಮೂಲೆಗೆ ಹೋಗಿ ಗಂಟಾಗುತ್ತದೆ. ನಮ್ಮ ಅಜ್ಜಿಯರು ಕೌದಿ ಹೊಲಿಯುವುದನ್ನು ನೋಡಿದ್ದೀರಲ್ಲ? ಪದರದ ಮೇಲೆ ಪದರ ಹಾಸಿ ಸಾಲು ಸಾಲಾಗಿ ಹೊಲಿಗೆ ಹಾಕುತ್ತಾರೆ. ಎಷ್ಟು ವರ್ಷ ಒಗೆದರೂ ಪದರ ಜರುಗುವುದಿಲ್ಲ. ಇಲ್ಲಿಯೂ ಅದೇ ಉಪಾಯ.

ಆದರೆ ಒಂದು ಮುಖ್ಯ ವಿಷಯ ಉಂಟು. ಮೆತ್ತೆ ಕಣ್ಣುಗುಡ್ಡೆಯನ್ನು ಒತ್ತಬಾರದು. ಒತ್ತಿದರೆ ಕಣ್ಣು ನೋಯುತ್ತದೆ, ಎದ್ದಾಗ ಮಂಜು ಮಂಜಾಗಿ ಕಾಣುತ್ತದೆ. ಆದ್ದರಿಂದ ಸೀರೆಯ ಪದರಗಳಲ್ಲಿ ಕಣ್ಣು ಬರುವ ಜಾಗಕ್ಕೆ 4 ಸೆಂ.ಮೀ. ಅಗಲದ ಎರಡು ದುಂಡನೆ ತೂತು ಮಾಡಿ. ಮೇಲಿನ ಅಂಚಿನಿಂದ 2 ಸೆಂ.ಮೀ. ಕೆಳಗೆ ಇರಲಿ, ಎರಡರ ನಡುವೆ ಎರಡೂವರೆ ಸೆಂ.ಮೀ. ಇರಲಿ. ಕಪ್ಪು ಬಟ್ಟೆಗೆ ತೂತು ಬೇಡವೇ ಬೇಡ! ತೂತಿನ ಸುತ್ತ, ಅಂಚಿನ ಸುತ್ತ ಕೌದಿ ಹೊಲಿಗೆ ಹಾಕಿ. ಈಗ ಕಣ್ಣಿಗೆ ಎರಡು ಬಟ್ಟಲು ಸಿಕ್ಕ ಹಾಗಾಯ್ತು. ಅದರೊಳಗೆ ಕಣ್ಣು ಪಿಳುಕಿಸಬಹುದು.

ಹೊರಗಿನಿಂದ ಒಳಗೆ ಹೀಗೆ ಜೋಡಿಸಿ: ಕ್ರೋಶಾ, ಕಪ್ಪು ಬಟ್ಟೆ, ತೂತಿನ ಮೆತ್ತೆ, ಬಿಳಿ ಬಟ್ಟೆ. ಬಿಳಿ ಬಟ್ಟೆ ತೂತಿನ ಮೇಲೆ ತುಸು ಸಡಿಲ ಇರಲಿ. ಅಂಚು ಒಳಗೆ ಮಡಚಿ ಸುತ್ತ ಹೊಲಿಯಿರಿ. ಕೊನೆಗೆ ಕಿರುಬೆರಳಿನಷ್ಟು ದಪ್ಪಕ್ಕೆ ಬಟ್ಟೆ ಸುರುಳಿ ಸುತ್ತಿ ಮೂಗಿನ ಜಾಗದ ಒಳಬದಿಗೆ ಹೊಲಿಯಿರಿ. ಬೆಳಕು ಹೆಚ್ಚಾಗಿ ನುಸುಳುವುದು ಅಲ್ಲಿಂದಲೇ.

ಇಲಾಸ್ಟಿಕ್ ಎಷ್ಟು ಬೇಕು? ತಲೆಯ ಸುತ್ತಳತೆಯಲ್ಲಿ ಪಟ್ಟಿಯ 20 ಸೆಂ.ಮೀ. ಕಳೆಯಿರಿ, ಇನ್ನೂ 3 ಸೆಂ.ಮೀ. ಕಳೆಯಿರಿ. ತಲೆ 55 ಸೆಂ.ಮೀ. ಇದ್ದರೆ 32 ಸೆಂ.ಮೀ. ಹೊಲಿಗೆಗೆ ಎರಡು ಸೆಂ.ಮೀ. ಹೆಚ್ಚಿಗೆ ಹಿಡಿಯಿರಿ. ಹಿಂದೆ ಗಂಟು, ಗುಂಡಿ ಇಡಬೇಡಿ. ಸೀಟಿಗೆ ತಲೆ ಒರಗಿಸಿದಾಗ ಒತ್ತುತ್ತದೆ.

ಸರಿಯಾಯಿತೇ? ಪರೀಕ್ಷೆ ಮಾಡಿ

ಕಟ್ಟಿಕೊಂಡು ಕಿಟಕಿಯ ಕಡೆ ತಿರುಗಿ. ಮೊದಲಿನ ಹಾಗೆ ಮುಖದ ಮುಂದೆ ಅಂಗೈ ಆಡಿಸಿ. ಕೈ ಬಂದದ್ದು ಹೋದದ್ದು ಗೊತ್ತಾಗದಿದ್ದರೆ ಪಾಸು. ಗೊತ್ತಾದರೆ ಮೂಗಿನ ಸುರುಳಿ ಸರಿಪಡಿಸಿ. ಒಳಗೆ ಕಣ್ಣು ಪಿಳುಕಿಸಿ, ರೆಪ್ಪೆಕೂದಲು ಬಟ್ಟೆಗೆ ತಾಗಬಾರದು. ಇಲಾಸ್ಟಿಕ್ ಕೆಳಗೆ ಒಂದು ಬೆರಳು ಸಲೀಸಾಗಿ ಹೋಗಬೇಕು.

ಎಚ್ಚರಿಕೆಗಳು

* ಒಬ್ಬರ ಪಟ್ಟಿಯನ್ನು ಇನ್ನೊಬ್ಬರು ಹಾಕಿಕೊಳ್ಳಬಾರದು. ಕಣ್ಣುಬೇನೆ ಹೀಗೇ ಹರಡುತ್ತದೆ.
* ವಾರಕ್ಕೊಮ್ಮೆ ಸೋಪಿನಿಂದ ಕೈಯಲ್ಲಿ ಒಗೆದು, ಹಿಂಡದೇ ಒತ್ತಿ ನೀರು ತೆಗೆದು, ಪೂರ್ತಿ ಒಣಗಿಸಿ.
* ಕೂಸುಗಳಿಗೆ ಕಟ್ಟಬಾರದು. ಕಣ್ಣಿನ ಆಪರೇಷನ್ ಆದವರು ಡಾಕ್ಟರನ್ನು ಕೇಳಿಯೇ ಕಟ್ಟಿಕೊಳ್ಳಬೇಕು.
* ಬಸ್ಸಿನಲ್ಲಿ ಕಟ್ಟಿಕೊಳ್ಳುವ ಮೊದಲು ಚೀಲದ ಹಿಡಿಕೆಯನ್ನು ಕೈಗೆ ಸಿಕ್ಕಿಸಿಕೊಳ್ಳಿ. ಇಳಿಯುವ ಊರನ್ನು ಕಂಡಕ್ಟರಿಗೆ ಹೇಳಿಡಿ. ಇಲ್ಲದಿದ್ದರೆ ಹಾವೇರಿಯಲ್ಲಿ ಇಳಿಯಬೇಕಾದವರು ದಾವಣಗೆರೆಯಲ್ಲಿ ಏಳುತ್ತೀರಿ!

ದಿನಕ್ಕೆ ಒಂದು ತಾಸು ಕೂತರೆ ಒಂದು ವಾರದಲ್ಲಿ ಮುಗಿಯುತ್ತದೆ. ದಾರ ಬಿಟ್ಟರೆ ಹೆಚ್ಚಿನದೆಲ್ಲ ಮನೆಯ ಹಳೇ ಬಟ್ಟೆ. ಒಂದು ಮಾದರಿಯನ್ನು ಈ ಪತ್ರಿಕೆಯ ಪಕ್ಕದ ಮೊಳೆಗೆ ನೇತು ಹಾಕಿದೆ. ಮುಟ್ಟಿ ನೋಡಿ, ತಿರುವಿ ನೋಡಿ, ಆದರೆ ಕಣ್ಣಿಗೆ ಮಾತ್ರ ಕಟ್ಟಿಕೊಳ್ಳಬೇಡಿ. ಯಾಕೆ ಅಂತ ಮೇಲೆ ಓದಿದ್ದೀರಿ!

ನಿಮ್ಮ ಓಣಿಯಲ್ಲೂ ಲಾರಿ ಓಡಿಸುವ ಕಾಕಾ, ರಾತ್ರಿ ಪಾಳಿಯ ನರ್ಸ್ ಅಕ್ಕ, ರಾತ್ರಿಯೆಲ್ಲ ಹೊಲಕ್ಕೆ ನೀರು ಹಾಯಿಸುವ ಅಪ್ಪ ಇದ್ದಾರಲ್ಲವೇ? ಮೊದಲನೆಯದನ್ನು ಅವರಿಗೇ ಹೆಣೆದುಕೊಡಿ.

– 7ನೇ ತರಗತಿಯ ವಿದ್ಯಾರ್ಥಿನಿ