ಬಿಸಿಲು ಎಷ್ಟು ಗಂಟೆಗೆ ಬರುತ್ತೆ?

ನವೆಂಬರ್‌ನಿಂದ ಫೆಬ್ರುವರಿವರೆಗೆ ಊರಿನಿಂದ ಫೋನ್ ಮಾಡುವವರೆಲ್ಲ ಕೇಳುವುದು ಒಂದೇ ಪ್ರಶ್ನೆ: ‘ಅಲ್ಲಿ ಈಗ ಎಷ್ಟು ಡಿಗ್ರಿ?’ ಏಳೋ ಎಂಟೋ ಎಂದರೆ ಆ ಕಡೆಯಿಂದ ‘ಅಯ್ಯಪ್ಪಾ’ ಎಂಬ ಉದ್ಗಾರ. ಆದರೆ ದೆಹಲಿ ಸುತ್ತಮುತ್ತ ಚಿಕ್ಕ ಮಗುವನ್ನು ನೋಡಿಕೊಂಡು ಮನೆಯಲ್ಲೇ ಇರುವವರಿಗೆ ಡಿಗ್ರಿ ದೊಡ್ಡ ವಿಷಯವಲ್ಲ. ಅದಕ್ಕೆ ಸ್ವೆಟರ್ ಇದೆ, ರಜಾಯಿ ಇದೆ. ಸುಸ್ತು ಮಾಡುವುದು ಈ ಚಳಿಗಾಲದ ಉದ್ದ. ನಮ್ಮ ಕಡೆ ಚಳಿ ಶಿವರಾತ್ರಿಗೆ ‘ಶಿವಶಿವಾ’ ಎಂದು ಹೊರಟುಹೋಗುತ್ತದೆ. ಇಲ್ಲಿ ದೀಪಾವಳಿಗೆ ಒಳಗೆ ಬಂದದ್ದು, ಹೋಳಿ ಹತ್ತಿರವಾದರೂ ಹೊಸ್ತಿಲಲ್ಲೇ ನಿಂತು ಮಾತಾಡುವ ನೆಂಟರ ಹಾಗೆ, ಹೋಗುತ್ತೇನೆ ಎನ್ನುತ್ತದೆ, ಹೋಗುವುದಿಲ್ಲ.

ನೋಯ್ಡಾದಲ್ಲಿ ಇದು ನಮ್ಮ ಮೂರನೇ ಚಳಿಗಾಲ. ಹೆಂಡತಿಯದು ಕೇಂದ್ರ ಸರ್ಕಾರದ ಕೆಲಸ, ದೆಹಲಿಗೆ ವರ್ಗವಾಯಿತು. ನಾನು ಎಂಟೆಕ್ ಮುಗಿಸಿ ಬೆಂಗಳೂರಿನಲ್ಲಿ ಹತ್ತು ವರ್ಷ ಕೋಡ್ ಬರೆದವನು. ಮಗಳು ಒಂದನೇ ಕ್ಲಾಸಿಗೆ ಹೋಗುವವರೆಗೆ ಒಬ್ಬರು ಮನೆಯಲ್ಲಿರೋಣ ಎಂದು ಇಬ್ಬರೂ ಕೂತು ಲೆಕ್ಕ ಹಾಕಿದೆವು. ಆ ಒಬ್ಬರು ನಾನಾದೆ. ಅವಳಿಗೆ ಈಗ ಐದು ವರ್ಷ.

ಇಲ್ಲಿಯ ಚಳಿಗಾಲ ಮೊದಲು ಹೊಗೆಯಾಗಿ ಬರುತ್ತದೆ. ಅಕ್ಟೋಬರ್ ಕೊನೆಯಲ್ಲಿ ಪಂಜಾಬ್, ಹರಿಯಾಣದ ಗದ್ದೆಗಳ ಭತ್ತದ ಕೂಳೆಗೆ ಬೆಂಕಿ ಬೀಳುತ್ತದೆ. ಊರಿನ ವಾಹನ, ಧೂಳು, ಕಸದ ಹೊಗೆ ಅದರ ಜತೆ ಸೇರುತ್ತದೆ. ಬೇಸಿಗೆಯಲ್ಲಾದರೆ ಬಿಸಿ ಗಾಳಿ ಮೇಲೇರಿ ಇದನ್ನೆಲ್ಲ ಎತ್ತಿಕೊಂಡು ಹೋಗುತ್ತದೆ. ಚಳಿಗಾಲದಲ್ಲಿ ನೆಲದ ಹತ್ತಿರದ ಗಾಳಿ ತಣ್ಣಗಾಗಿ ಭಾರವಾಗುತ್ತದೆ, ಅದರ ಮೇಲೆ ಬೆಚ್ಚಗಿನ ಗಾಳಿಯ ಪದರವೊಂದು ಪಾತ್ರೆಯ ಮುಚ್ಚಳದಂತೆ ಕೂರುತ್ತದೆ. ಕೂಳೆ ಸುಡುವುದು ನವೆಂಬರ್ ಕೊನೆಗೆ ನಿಂತರೂ ಮುಚ್ಚಳ ತೆಗೆಯುವವರಿಲ್ಲ. ಪಿಎಂ 2.5 ಕಣ ಒಂದು ಘನ ಮೀಟರ್ ಗಾಳಿಯಲ್ಲಿ ದಿನದ ಸರಾಸರಿ 60 ಮೈಕ್ರೋಗ್ರಾಂ ದಾಟಬಾರದು ಎನ್ನುತ್ತದೆ ನಮ್ಮ ದೇಶದ ಮಾನದಂಡ. ವಿಶ್ವ ಆರೋಗ್ಯ ಸಂಸ್ಥೆಯದು 15. ನಾನು ಮೊಬೈಲ್‌ನಲ್ಲಿ 150 ಕಂಡರೆ ‘ಪರವಾಗಿಲ್ಲ, ಇವತ್ತು ಚೆನ್ನಾಗಿದೆ’ ಎಂದು ಮಗಳಿಗೆ ಶೂ ಹಾಕುತ್ತೇನೆ. ಮನುಷ್ಯ ಯಾವುದಕ್ಕೆ ಬೇಕಾದರೂ ಒಗ್ಗುತ್ತಾನೆ ಎನ್ನುವುದು ಹೊಗಳಿಕೆ ಅಂತ ನನಗೇನೂ ಅನಿಸುವುದಿಲ್ಲ.

ಇದಕ್ಕಾಗಿ ಗ್ರ್ಯಾಪ್ ಎಂಬ ನಾಲ್ಕು ಹಂತದ ಕ್ರಿಯಾ ಯೋಜನೆ ಇದೆ. ಗಾಳಿ ಕೆಟ್ಟಂತೆ ಹಂತ ಏರುತ್ತದೆ: ಕಟ್ಟಡ ಕೆಲಸ ನಿಲ್ಲುತ್ತದೆ, ಲಾರಿಗಳು ಗಡಿಯಲ್ಲಿ ನಿಲ್ಲುತ್ತವೆ, ಕೊನೆಗೆ ಮಕ್ಕಳು ಮನೆಯಲ್ಲಿ ನಿಲ್ಲುತ್ತಾರೆ. 2024ರ ನವೆಂಬರ್ 18ರಂದು ನಾಲ್ಕನೇ ಹಂತ ಜಾರಿಗೆ ಬಂದಾಗ ದೆಹಲಿಯ ವಾಯು ಗುಣಮಟ್ಟ ಸೂಚ್ಯಂಕ 490 ದಾಟಿತ್ತು. ಅಳತೆ ಮುಗಿಯುವುದೇ 500ಕ್ಕೆ. ಈಚೆಗೆ ಶಾಲೆ ಪೂರ್ತಿ ಮುಚ್ಚುವ ಬದಲು ‘ಹೈಬ್ರಿಡ್’ ಬಂದಿದೆ. ಮಗುವನ್ನು ಕಳಿಸಬಹುದು, ಇಲ್ಲವೇ ಮನೆಯಲ್ಲಿ ಕೂರಿಸಿ ಆನ್‌ಲೈನ್ ಪಾಠ ಕೇಳಿಸಬಹುದು, ಆಯ್ಕೆ ಪೋಷಕರದು. ಈ ಆಯ್ಕೆ ಮನೆಯಲ್ಲಿ ಹಗಲು ಹೊತ್ತು ಒಬ್ಬ ದೊಡ್ಡವರಿದ್ದರೆ ಮಾತ್ರ ಆಯ್ಕೆ. ಐದು ವರ್ಷದ ಮಗು ತಾನಾಗಿ ಲಾಗಿನ್ ಆಗಿ, ಮೈಕ್ ಮ್ಯೂಟ್ ಮಾಡಿ, ‘ಕ’ ಬರೆದು ಕ್ಯಾಮೆರಾಗೆ ತೋರಿಸುವುದಿಲ್ಲ. ಪಕ್ಕದಲ್ಲಿ ಕೂತು ಕ್ರೆಯಾನ್ ಹುಡುಕಿಕೊಡುವ ಒಬ್ಬರು ಬೇಕು. ಯಾವ ಯೋಜನೆಯ ಖರ್ಚಿನಲ್ಲೂ ಆ ಒಬ್ಬರ ಲೆಕ್ಕ ಬರುವುದಿಲ್ಲ.

ನಮ್ಮ ಮನೆಗೆಲಸಕ್ಕೆ ಬರುವ ದೀದಿಗೂ ಇದೇ ವಯಸ್ಸಿನ ಮಗ. ಅವನದು ಸರ್ಕಾರಿ ಶಾಲೆ. ದೀದಿ ಐದು ಮನೆ ಕೆಲಸ ಮಾಡಬೇಕು, ಅವರ ಕೋಣೆಯಲ್ಲಿ ಏರ್ ಪ್ಯೂರಿಫೈಯರ್ ಇರಲಿ, ಕಿಟಕಿಗೆ ಸರಿಯಾದ ಗಾಜೂ ಇಲ್ಲ. ಶಾಲೆ ಮುಚ್ಚಿದ ದಿನ ಹುಡುಗ ನಮ್ಮಲ್ಲೇ ಇರುತ್ತಾನೆ. ಆ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಇಂಥವರ ಮಾತನ್ನೇ ಎತ್ತಿತ್ತು: ಶಾಲೆ, ಅಂಗನವಾಡಿ ಮುಚ್ಚಿದರೆ ಎಷ್ಟೋ ಮಕ್ಕಳಿಗೆ ಮಧ್ಯಾಹ್ನದ ಊಟ ತಪ್ಪುತ್ತದೆ, ಆನ್‌ಲೈನ್ ಪಾಠಕ್ಕೆ ಸೌಲಭ್ಯವಿಲ್ಲ, ಮನೆಯಲ್ಲಿ ಪ್ಯೂರಿಫೈಯರ್ ಇಲ್ಲದ ಮಗುವಿಗೆ ಮನೆಯ ಗಾಳಿಗೂ ಶಾಲೆಯ ಗಾಳಿಗೂ ವ್ಯತ್ಯಾಸವೇನು ಎಂದು. ಹೈಬ್ರಿಡ್ ಬಂದದ್ದು ಅದಾದ ಮೇಲೆ. ನಮ್ಮ ಮನೆಯ ಒಂದೇ ಲ್ಯಾಪ್‌ಟಾಪ್ ಮುಂದೆ ಇಬ್ಬರೂ ಕೂರುತ್ತಾರೆ. ಹನ್ನೆರಡೂವರೆಗೆ ಅನ್ನ, ಸಾರು. ಹುಡುಗ ಈಗ ಸಾರನ್ನು ‘ಸಾರು’ ಎಂದೇ ಕೇಳುತ್ತಾನೆ.

ಡಿಸೆಂಬರ್ ಹೊತ್ತಿಗೆ ಮಂಜು. ಜನವರಿಯಲ್ಲಿ ಚಳಿಗಾಲದ ರಜೆ, ಅದರ ಮೇಲೆ ಚಳಿ ಹೆಚ್ಚಾಯಿತೆಂದು ಆಡಳಿತದ ಆದೇಶ, ರಜೆ ಇನ್ನಷ್ಟು ದಿನ. ‘ನಾಳೆ ಶಾಲೆ ಇಲ್ಲ’ ಎಂಬ ಮೆಸೇಜ್ ರಾತ್ರಿ ಒಂಬತ್ತರ ಮೇಲೆ ಬರುತ್ತದೆ. ನಾಳೆಯ ಹತ್ತು ಗಂಟೆಗಳನ್ನು ಹೇಗೆ ತುಂಬುವುದು ಎಂದು ಆಗ ಯೋಚನೆ ಹತ್ತುತ್ತದೆ. ಒಂದು ವಾರ ಸೂರ್ಯನೇ ಕಾಣದಿದ್ದರೆ ಮಗು ಹಟಮಾರಿಯಾಗುತ್ತದೆ, ಅಪ್ಪನೂ ಸಿಡುಕನಾಗುತ್ತಾನೆ. ಸಂಜೆ ಹೆಂಡತಿ ಬಾಗಿಲು ತೆಗೆಯುವ ಹೊತ್ತಿಗೆ ನಾನು ಅವತ್ತು ಒಬ್ಬ ದೊಡ್ಡವರ ಜತೆಯೂ ಕೂತು ಮಾತಾಡಿರುವುದಿಲ್ಲ.

ಹಾಗಾಗಿ ಇಲ್ಲಿ ಬಿಸಿಲೇ ಆಸ್ತಿ. ಎಂಜಿನಿಯರ್ ಬುದ್ಧಿ, ಒಂದು ದಿನ ಲೆಕ್ಕ ಹಾಕಿದೆ. ಡಿಸೆಂಬರ್ 21ರ ನಡುಮಧ್ಯಾಹ್ನ ಬೆಂಗಳೂರಿನಲ್ಲಿ ಸೂರ್ಯ ದಿಗಂತದಿಂದ ಸುಮಾರು 53 ಡಿಗ್ರಿ ಮೇಲಿರುತ್ತಾನೆ. ದೆಹಲಿಯಲ್ಲಿ 38. ಅಂದರೆ 60 ಮೀಟರ್ ಎತ್ತರದ, ಇಪ್ಪತ್ತು ಮಹಡಿಯ ಟವರಿನ ನೆರಳು ಬೆಂಗಳೂರಿನಲ್ಲಿ ಸುಮಾರು 45 ಮೀಟರ್ ಚಾಚಿದರೆ ಇಲ್ಲಿ 77 ಮೀಟರ್. ಹಗಲು ಕೂಡ ಇಲ್ಲಿ ಒಂದು ಗಂಟೆ ಕಡಿಮೆ. ಮೂರನೇ ಮಹಡಿಯ ನಮ್ಮ ಬಾಲ್ಕನಿಗೆ ಬಿಸಿಲು ಹನ್ನೊಂದೂ ಇಪ್ಪತ್ತಕ್ಕೆ ಬಂದು ಒಂದಕ್ಕೆ ಹತ್ತು ನಿಮಿಷ ಇರುವಾಗ ಹೋಗುತ್ತದೆ. ಆಮೇಲೆ ಅದು ಎದುರಿನ ಪಾರ್ಕಿನ ಪೂರ್ವದ ಮೂಲೆಯಲ್ಲಿ ಸಿಗುತ್ತದೆ, ಮೂರೂವರೆವರೆಗೆ. ಗಾಳಿಯೂ ದಿನದಲ್ಲಿ ಸ್ವಲ್ಪ ತಿಳಿಯಾಗುವುದು ಸಾಮಾನ್ಯವಾಗಿ ಮಧ್ಯಾಹ್ನವೇ, ಬೆಳಗಿನ ವಾಕಿಂಗ್‌ಗಿಂತ ಅದು ಎಷ್ಟೋ ಮೇಲು. ಕಿಟಕಿ ತೆರೆಯುವುದೂ ಆಗಲೇ. ದಿನವಿಡೀ ಮುಚ್ಚಿದ ಕೋಣೆಯಲ್ಲಿ ಪ್ಯೂರಿಫೈಯರ್ ಧೂಳು ಹಿಡಿಯುತ್ತದೆ, ನಾವು ಬಿಟ್ಟ ಉಸಿರನ್ನು ಹೊರಗೆ ಹಾಕುವುದಿಲ್ಲ.

ಪಾರ್ಕಿನ ಆ ಮೂಲೆಯಲ್ಲಿ ಮಧ್ಯಾಹ್ನ ಚಾಪೆ ಹಾಸಿಕೊಂಡು ಕೂರುವವರು ಅಜ್ಜಿಯರು, ಎಳೆಮಕ್ಕಳ ತಾಯಂದಿರು, ಮತ್ತು ನಾನು. ‘ಧೂಪ್ ಸೇಂಕನಾ’ ಎನ್ನುತ್ತಾರೆ, ಬಿಸಿಲು ಕಾಯಿಸಿಕೊಳ್ಳುವುದು. ಮೊದಲ ವರ್ಷ ಒಬ್ಬ ಅಜ್ಜಿ ಎರಡು ವಾರ ತಡೆದುಕೊಂಡು, ಕೊನೆಗೆ ಮೆಲ್ಲಗೆ ಕೇಳಿದರು: ‘ಬೇಟಾ, ನೌಕರಿ ಛೂಟ್ ಗಯೀ ಕ್ಯಾ?’ ಇಲ್ಲ ಮಾಜಿ, ಬಿಟ್ಟಿದ್ದೇನೆ ಎಂದೆ. ಅವರಿಗೆ ಅದು ಕೆಲಸ ಹೋದುದಕ್ಕಿಂತ ಗಂಭೀರ ಕಾಯಿಲೆ ಅನಿಸಿರಬೇಕು, ಒಂದು ಕಿನ್ನೋ ಹಣ್ಣು ಸುಲಿದು ಕೈಗಿಟ್ಟರು. ಈಗ ನನ್ನ ಮುಂದೆ ಹಸಿ ಬಟಾಣಿಯ ಬುಟ್ಟಿ ತಳ್ಳುತ್ತಾರೆ, ಮಾತಾಡುತ್ತಾ ಬಿಡಿಸು ಅಂತ. ಅದೇ ಹೊತ್ತಿಗೆ ಅಮ್ಮ ಹಾಸನದಿಂದ ಫೋನ್ ಮಾಡಿ ತಾನು ಅವರೆಕಾಯಿ ಬಿಡಿಸುತ್ತಾ ಕೂತಿದ್ದೇನೆ ಎನ್ನುತ್ತಾಳೆ. ಅಜ್ಜಿಯರ ಬೆನ್ನು ಬಿಸಿಲಿಗೆ, ಅಮ್ಮನದು ನೆರಳಿಗೆ, ಅಷ್ಟೇ ವ್ಯತ್ಯಾಸ.

ಅಡುಗೆಮನೆಯ ಕಷ್ಟ ಹೇಳುತ್ತಾ ಹೋದರೆ ಅದೇ ಇನ್ನೊಂದು ಲೇಖನ. ದೋಸೆ ಹಿಟ್ಟು ಜನವರಿಯಲ್ಲಿ ಎರಡು ದಿನವಾದರೂ ಹುಳಿ ಬರುವುದಿಲ್ಲ. ಓವನ್ನಿನ ದೀಪ ಮಾತ್ರ ಹಾಕಿ, ಪಾತ್ರೆಗೆ ಹಳೆಯ ಶಾಲು ಸುತ್ತಿ ಒಳಗಿಟ್ಟರೆ ಬೆಳಿಗ್ಗೆಗೆ ಉಬ್ಬುತ್ತದೆ. ಎಳ್ಳು-ಬೆಲ್ಲಕ್ಕೆ ಮಾತ್ರ ಇಲ್ಲಿ ಕೊರತೆಯಿಲ್ಲ. ಇಲ್ಲಿಯವರ ಗಜಕ್ ಎಂದರೆ ಎಳ್ಳು, ಬೆಲ್ಲವೇ. ಅದನ್ನು ಪುಡಿಮಾಡಿ, ಕೊಬ್ಬರಿ, ಹುರಿಗಡಲೆ, ಕಡಲೆಬೀಜ ಬೆರೆಸಿ ಸಂಕ್ರಾಂತಿಗೆ ಪಾರ್ಕಿನಲ್ಲಿ ಹಂಚಿದೆವು. ರಾವ್ ತುಲಾರಾಮ್ ಮಾರ್ಗದ ದೆಹಲಿ ಕರ್ನಾಟಕ ಸಂಘಕ್ಕೆ ಹೋಗಿ ಬರೋಣ ಎಂದರೆ ನೋಯ್ಡಾದಿಂದ ಮಂಜಿನಲ್ಲಿ ಯಮುನೆ ದಾಟಬೇಕು, ಅದು ಫೆಬ್ರುವರಿಯ ಯೋಜನೆ.

ಈಗ ಫೆಬ್ರುವರಿ. ಬಾಲ್ಕನಿಯ ಬಿಸಿಲು ಹತ್ತೂವರೆಗೇ ಬರುತ್ತಿದೆ. ಮಗಳ ಕೆಮ್ಮು ಕಡಿಮೆಯಾಗಿ ನೆಬ್ಯುಲೈಸರ್ ಕಪಾಟು ಸೇರಿದೆ. ರಜಾಯಿ ಮಡಚಿಡಲು ಹೊರಟರೆ ಅಜ್ಜಿಯರು ಒಪ್ಪುತ್ತಿಲ್ಲ, ಹೋಳಿಗೆ ಮೊದಲು ಬೇಡವಂತೆ.

ಬರುವ ಮೇ ತಿಂಗಳಲ್ಲಿ ಇಲ್ಲಿಗೆ ಮನೆ ಹುಡುಕಿಕೊಂಡು ಬರುವ ಕನ್ನಡಿಗರಿಗೆ ಒಂದು ಮಾತು. ಆ ಸೆಕೆಯಲ್ಲಿ ಬ್ರೋಕರ್ ‘ನೆರಳಿನ ಮನೆ ಸಾರ್, ತಂಪು’ ಎಂದು ತೋರಿಸುತ್ತಾನೆ. ಮನೆಯಲ್ಲಿ ಸಣ್ಣ ಮಗುವಿದ್ದರೆ, ವಯಸ್ಸಾದವರಿದ್ದರೆ, ದಕ್ಷಿಣ ಯಾವ ಕಡೆ ಎಂದು ಮೊಬೈಲ್‌ನಲ್ಲಿ ನೋಡಿಕೊಳ್ಳಿ. ಆ ಕಡೆ ಇಪ್ಪತ್ತು ಮಹಡಿಯ ಟವರ್ ಇದ್ದರೆ ಅಲ್ಲಿಯವರೆಗೆ ಹೆಜ್ಜೆ ಹಾಕಿ ಎಣಿಸಿ. ನೂರಕ್ಕಿಂತ ಕಡಿಮೆ ಬಂದರೆ ಕೆಳಗಿನ ಮಹಡಿಗಳನ್ನು ಬಿಟ್ಟು ಮೇಲಿನದನ್ನು ಕೇಳಿ.