ವಿರೋಧ ಪಕ್ಷದಲ್ಲಿದ್ದಾಗ ಆಡಿದ ಮಾತು

ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ನಮಗೆಲ್ಲ ಎರಡು ಇಸವಿಗಳು ಬಾಯಿಪಾಠ. ಪಕ್ಷಾಂತರ ನಿಷೇಧಕ್ಕೆ ಸಂವಿಧಾನದ 52ನೇ ತಿದ್ದುಪಡಿ ಬಂದದ್ದು 1985ರಲ್ಲಿ. ಪ್ರಸಾರ ಭಾರತಿ ಕಾಯ್ದೆಗೆ ಸಂಸತ್ತು ಒಪ್ಪಿದ್ದು 1990ರಲ್ಲಿ. ಎರಡನ್ನೂ ಬೇರೆ ಬೇರೆ ಅಧ್ಯಾಯಗಳಲ್ಲಿ ಓದುತ್ತೇವೆ. ಆದರೆ ಇವೆರಡೂ ಒಂದೇ ಕಥೆಯ ಭಾಗಗಳು ಎಂದು ನನಗೆ ಅನಿಸುತ್ತದೆ.

ತುರ್ತು ಪರಿಸ್ಥಿತಿಯಲ್ಲಿ ಆಕಾಶವಾಣಿ, ದೂರದರ್ಶನಗಳು ಸರ್ಕಾರದ ತುತ್ತೂರಿಯಾಗಿದ್ದವು. ಜೈಲಿನಿಂದ ಹೊರಬಂದ ವಿರೋಧ ಪಕ್ಷಗಳ ನಾಯಕರು ಜನತಾ ಪಕ್ಷ ಕಟ್ಟಿ, 1977ರ ಚುನಾವಣೆಯಲ್ಲಿ ಇವುಗಳಿಗೆ ಸ್ವಾಯತ್ತತೆ ಕೊಡುವ ಭರವಸೆ ನೀಡಿ ಗೆದ್ದರು. ಬಿ.ಜಿ. ವರ್ಗೀಸ್ ಸಮಿತಿ 1978ರಲ್ಲಿ ‘ಆಕಾಶ ಭಾರತಿ’ ಎಂಬ ಸ್ವತಂತ್ರ ಟ್ರಸ್ಟ್‌ಗೆ ಶಿಫಾರಸು ಮಾಡಿತು. 1979ರಲ್ಲಿ ಸರ್ಕಾರ ತಂದ ಮಸೂದೆ ಅದಕ್ಕಿಂತ ಬಹಳ ಸಪ್ಪೆಯಾಗಿತ್ತು.

ಅದೇ ಸರ್ಕಾರ 1978ರಲ್ಲಿ ಪಕ್ಷಾಂತರ ತಡೆ ಮಸೂದೆಯನ್ನೂ ಮುಂದಿಟ್ಟಿತ್ತು. ತನ್ನ ಸದಸ್ಯರೇ ವಿರೋಧಿಸಿದ್ದರಿಂದ ಹಿಂದೆ ತೆಗೆದುಕೊಂಡಿತು. ಮರುವರ್ಷ ಜುಲೈನಲ್ಲಿ ಸಂಸದರು ಗುಂಪುಗುಂಪಾಗಿ ಪಕ್ಷ ಬಿಟ್ಟರು, ಮೊರಾರ್ಜಿ ದೇಸಾಯಿ ರಾಜೀನಾಮೆ ಕೊಟ್ಟರು. ಲೋಕಸಭೆ ವಿಸರ್ಜನೆಯಾದಾಗ ಪ್ರಸಾರ ಮಸೂದೆಯೂ ಸತ್ತುಹೋಯಿತು. ಬಾನುಲಿಯ ಸ್ವಾತಂತ್ರ್ಯವನ್ನು ಪಕ್ಷಾಂತರ ನುಂಗಿದ್ದು ಹೀಗೆ.

ವಿ.ಪಿ. ಸಿಂಗ್ ಸರ್ಕಾರ 1990ರಲ್ಲಿ ಕಾಯ್ದೆ ಮಾಡಿದರೂ ಅದು ಜಾರಿಗೆ ಬಂದದ್ದು 1997ರಲ್ಲಿ. ನಡುವೆ ಬಂದ ಯಾವ ಸರ್ಕಾರಕ್ಕೂ ಅವಸರವಿರಲಿಲ್ಲ. ಇಂದಿಗೂ ಪ್ರಸಾರ ಭಾರತಿ ಕೇಂದ್ರದ ಅನುದಾನವನ್ನೇ ನೆಚ್ಚಿಕೊಂಡಿದೆ. ಸಂಬಳಕ್ಕೆ ಕೈಚಾಚಬೇಕಾದವರು ಸಂಬಳ ಕೊಡುವವರನ್ನು ಎಷ್ಟು ಪ್ರಶ್ನಿಸಿಯಾರು?

ಪಕ್ಷಾಂತರ ಕಾಯ್ದೆಯೂ ಅಷ್ಟೆ. ಮೂರನೇ ಒಂದರಷ್ಟು ಸದಸ್ಯರು ಒಟ್ಟಿಗೆ ಹೋದರೆ ತಪ್ಪಲ್ಲ ಎಂಬ ಕಿಂಡಿಯನ್ನು 2003ರಲ್ಲಿ ಮುಚ್ಚಲಾಯಿತು. ರಾಜೀನಾಮೆ ಎಂಬ ಹೊಸ ಬಾಗಿಲು ತೆರೆಯಿತು. ನಾನು ಮೊದಲ ಮತ ಹಾಕಿದ್ದು 2018ರಲ್ಲಿ. ಮರುವರ್ಷವೇ ರಾಜ್ಯದಲ್ಲಿ ಶಾಸಕರ ರಾಜೀನಾಮೆ ಪರ್ವ ನಡೆದು ಸರ್ಕಾರ ಬಿತ್ತು, 17 ಮಂದಿ ಅನರ್ಹರಾದರು. ಸುಪ್ರೀಂ ಕೋರ್ಟ್ ಅನರ್ಹತೆಯನ್ನು ಎತ್ತಿಹಿಡಿದರೂ ಸ್ಪರ್ಧೆಗೆ ಅವಕಾಶ ಕೊಟ್ಟಿತು. ಅವರಲ್ಲಿ ಹಲವರು ಉಪಚುನಾವಣೆಯಲ್ಲಿ ಹೊಸ ಪಕ್ಷದಿಂದ ಗೆದ್ದು ಸಚಿವರೂ ಆದರು. ಅವರನ್ನು ಗೆಲ್ಲಿಸಿದ್ದು ನಮ್ಮಂಥ ಮತದಾರರೇ ಎಂಬುದನ್ನೂ ಮರೆಯುವಂತಿಲ್ಲ.

ಈ ಎರಡು ವಿಷಯಗಳಲ್ಲಿ ಎಲ್ಲ ಪಕ್ಷಗಳೂ ವಿರೋಧ ಪಕ್ಷದ ಸಾಲಿನಲ್ಲಿ ಕುಳಿತಾಗ ಮಾತ್ರ ಗಟ್ಟಿಯಾಗಿ ಮಾತನಾಡುತ್ತವೆ. ಮಾಧ್ಯಮ ತಮ್ಮನ್ನು ತೋರಿಸದಿದ್ದಾಗ ಸ್ವಾಯತ್ತತೆ ನೆನಪಾಗುತ್ತದೆ, ತಮ್ಮ ಶಾಸಕರು ಹೋದಾಗ ನೈತಿಕತೆ ನೆನಪಾಗುತ್ತದೆ. ಆಚೆಯವರು ಈಚೆ ಬಂದರೆ ಅದು ‘ಮನಃಪರಿವರ್ತನೆ’!

ಹಾಗಾಗಿ ಗೆಳೆಯರೇ, ಮುಂದಿನ ಚುನಾವಣೆಯಲ್ಲಿ ಮತ ಕೇಳಲು ಬಂದವರನ್ನು ಉದ್ಯೋಗದ ಜೊತೆಗೆ ಇದನ್ನೂ ಕೇಳೋಣ: ಪಕ್ಷ ಬಿಟ್ಟವರು ಆ ಅವಧಿ ಮುಗಿಯುವವರೆಗೆ ಸ್ಪರ್ಧಿಸದಂತೆ ಕಾಯ್ದೆ ತರುತ್ತೀರಾ? ಆಕಾಶವಾಣಿ, ದೂರದರ್ಶನಗಳ ಹಣದ ಗಂಟನ್ನು ಸರ್ಕಾರದ ಕೈಯಿಂದ ಬಿಡಿಸುತ್ತೀರಾ? ಬಿಡಿಸುವುದಾದರೆ, ಅಧಿಕಾರಕ್ಕೆ ಬಂದ ಎಷ್ಟು ದಿನದೊಳಗೆ?